ಕಂಪ್ಯೂಟರಿನಲ್ಲಿ ಬಡಿಯುವ ಹೃದಯ ಎಷ್ಟು ನಿಜ?

ಪ್ರಶ್ನೆ: ಕಂಪ್ಯೂಟರಿನಲ್ಲಿ ಮನುಷ್ಯನ ಹೃದಯ ಬಡಿಯುವುದನ್ನು ತೋರಿಸುವ ವಿಡಿಯೊ ಒಂದನ್ನು ನೋಡಿದೆ. ಅದು ಸಿನಿಮಾಗಳಲ್ಲಿ ಬರುವಂಥ ಅನಿಮೇಷನ್ ಅಲ್ಲ, ಲೆಕ್ಕ ಹಾಕಿ ಬಂದದ್ದು ಎಂದು ನಮ್ಮ ಉಪನ್ಯಾಸಕರು ಹೇಳಿದರು. ದೇಹವನ್ನು ಲೆಕ್ಕ ಹಾಕುವುದು ಎಂದರೇನು? ಹೀಗೆ ಇಡೀ ಮನುಷ್ಯನನ್ನೇ ಕಂಪ್ಯೂಟರಿನಲ್ಲಿ ಕಟ್ಟಿ, ಹೊಸ ಔಷಧಗಳನ್ನು ಪ್ರಾಣಿಗಳಿಗೆ ಕೊಡುವ ಬದಲು ಅದರ ಮೇಲೇ ಪ್ರಯೋಗಿಸಿ ನೋಡಬಹುದೇ?

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿಮ್ಮ ಉಪನ್ಯಾಸಕರು ಹೇಳಿದ್ದು ಸರಿ. ಪರದೆಯ ಮೇಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅವು ಹುಟ್ಟುವ ರೀತಿ ಮಾತ್ರ ಬೇರೆ. ಅನಿಮೇಷನ್‌ನಲ್ಲಿ ಹೃದಯದ ಗೋಡೆ ಯಾವಾಗ ಕುಗ್ಗಬೇಕು, ಎಷ್ಟು ಕುಗ್ಗಬೇಕು ಎಂಬುದನ್ನು ಕಲಾವಿದರು ಮೊದಲೇ ತೀರ್ಮಾನಿಸಿರುತ್ತಾರೆ. ಲೆಕ್ಕದಿಂದ ಬರುವ ಸಿಮ್ಯುಲೇಷನ್‌ನಲ್ಲಿ ಬಡಿತ ಹೀಗೇ ಇರಬೇಕೆಂದು ಯಾರೂ ಬರೆದಿಟ್ಟಿರುವುದಿಲ್ಲ. ಹೃದಯದ ಒಂದೊಂದು ಜೀವಕೋಶ ಯಾವ ನಿಯಮದ ಪ್ರಕಾರ ನಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಸಮೀಕರಣಗಳಾಗಿ ಕೊಟ್ಟಿರುತ್ತಾರೆ. ಆ ಸಮೀಕರಣಗಳನ್ನು ಬಿಡಿಸುತ್ತ ಹೋದಂತೆ ಬಡಿತ ಉತ್ತರವಾಗಿ ಬರುತ್ತದೆ. ಬಾರದೇ ಹೋದರೆ, ಅಥವಾ ತಪ್ಪಾಗಿ ಬಂದರೆ, ಹೃದಯದ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲೇ ಎಲ್ಲೋ ಕೊರತೆಯಿದೆ ಎಂದು ಗೊತ್ತಾಗುತ್ತದೆ. ವಿಜ್ಞಾನಿಗಳಿಗೆ ಈ ಲೆಕ್ಕ ಬೇಕಾಗಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ಈ ಲೆಕ್ಕ ಶುರುವಾದದ್ದು ನಮ್ಮ ಕರಾವಳಿಯವರು ಬೊಂಡಾಸ ಎಂದು ಕರೆಯುವ ಸ್ಕ್ವಿಡ್‌ನಿಂದ. ಈ ಜೀವಿಯ ದೇಹದಲ್ಲಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನಷ್ಟು ದಪ್ಪದ ನರತಂತು ಇದೆ. ಅಷ್ಟು ದಪ್ಪವಿರುವುದರಿಂದ ಅದರೊಳಗೆ ತಂತಿ ಇಳಿಸಿ ವಿದ್ಯುತ್ತನ್ನು ಅಳೆಯಬಹುದು. ಇಂಗ್ಲೆಂಡಿನ ಅಲನ್ ಹಾಡ್ಗ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಹೀಗೆ ಅಳೆದು, 1952ರಲ್ಲಿ ನರದ ಸಂಕೇತಕ್ಕೆ ಗಣಿತರೂಪ ಕೊಟ್ಟರು. ಜೀವಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು ಎಂದು ನೀವು ಓದಿರುತ್ತೀರಿ. ಕೋಶದ ಪೊರೆಯಲ್ಲಿ ಇವು ಹಾದುಹೋಗಲು ಸೂಕ್ಷ್ಮ ನಾಳಗಳಿವೆ. ಕೆರೆಯ ತೂಬಿನ ಹಾಗೆ ಅವು ತೆರೆಯುತ್ತವೆ, ಮುಚ್ಚುತ್ತವೆ. ಎಷ್ಟು ತೆರೆಯಬೇಕು ಎಂಬುದನ್ನು ಪೊರೆಯ ಆಚೀಚೆ ಇರುವ ವಿದ್ಯುತ್ ಒತ್ತಡವೇ ನಿರ್ಧರಿಸುತ್ತದೆ. ಆದರೆ ನಾಳ ತೆರೆದು ಸೋಡಿಯಂ ಒಳನುಗ್ಗಿದ ಕೂಡಲೇ ಆ ಒತ್ತಡವೇ ಬದಲಾಗುತ್ತದೆ. ಒತ್ತಡದಿಂದ ನಾಳ, ನಾಳದಿಂದ ಒತ್ತಡ, ಹೀಗೆ ಒಂದನ್ನೊಂದು ಬದಲಿಸುತ್ತಿರುವ ಸಂಗತಿಯನ್ನು ಬಾಯಿಮಾತಿನಲ್ಲಿ ವಿವರಿಸಬಹುದು. ಕೊನೆಗೆ ಏನಾಗುತ್ತದೆ ಎಂದು ತಿಳಿಯಲು ಲೆಕ್ಕವನ್ನೇ ಮಾಡಬೇಕು.

ಹಾಡ್ಗ್‌ಕಿನ್ ಮತ್ತು ಹಕ್ಸ್‌ಲಿ ಇದನ್ನು ನಾಲ್ಕು ಅವಕಲ ಸಮೀಕರಣಗಳಲ್ಲಿ ಹಿಡಿದಿಟ್ಟರು. ಒಂದು ಒತ್ತಡಕ್ಕೆ, ಉಳಿದ ಮೂರು ನಾಳಗಳು ಎಷ್ಟು ತೆರೆದಿವೆ ಎಂಬುದಕ್ಕೆ. ಬಿಡಿಸುವ ಕ್ರಮ ಸರಳ. ಈ ಕ್ಷಣದ ಒತ್ತಡ ಗೊತ್ತಿದ್ದರೆ ನಾಳಗಳ ಸ್ಥಿತಿ ಯಾವ ಕಡೆಗೆ ಸಾಗುತ್ತಿದೆ ಎಂದು ತಿಳಿಯುತ್ತದೆ. ನಾಳಗಳ ಸ್ಥಿತಿಯಿಂದ ಎಷ್ಟು ವಿದ್ಯುತ್ ಹರಿಯುತ್ತದೆ ಎಂದು ತಿಳಿಯುತ್ತದೆ. ಅದರಿಂದ ಮಿಲಿಸೆಕೆಂಡಿನ ನೂರನೇ ಒಂದು ಭಾಗ ಕಳೆದ ಮೇಲೆ ಒತ್ತಡ ಎಷ್ಟಿರುತ್ತದೆ ಎಂದು ಲೆಕ್ಕ ಹಾಕುತ್ತೇವೆ. ಆ ಹೊಸ ಒತ್ತಡ ಹಿಡಿದುಕೊಂಡು ಮತ್ತೆ ಮೊದಲಿನಿಂದ ಶುರು. ಈ ಗತಿಯಲ್ಲಿ ಒಂದು ಸೆಕೆಂಡು ದಾಟಲು ಒಂದು ಲಕ್ಷ ಹೆಜ್ಜೆ ಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರು ಆಗ ದೊಡ್ಡ ಮಾರ್ಪಾಡಿಗಾಗಿ ನಿಂತಿದ್ದರಿಂದ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಹಿಡಿದು ಕೂತರು. ನರದಲ್ಲಿ ಮುಂದಕ್ಕೆ ಹರಿಯುವ ಒಂದೇ ಒಂದು ಸಂಕೇತವನ್ನು ಲೆಕ್ಕ ಹಾಕಲು ಸುಮಾರು ಮೂರು ವಾರ ಹಿಡಿಯಿತು.

ಆ ಶ್ರಮದ ಫಲವನ್ನು ಗಮನಿಸಿ. ಸಂಕೇತ ನರದಲ್ಲಿ ಸೆಕೆಂಡಿಗೆ 18.8 ಮೀಟರ್ ವೇಗದಲ್ಲಿ ಹರಿಯಬೇಕು ಎಂದು ಲೆಕ್ಕ ಹೇಳಿತು. ನಿಜವಾದ ನರತಂತುವಿನಲ್ಲಿ ಅಳೆದಾಗ ಸಿಕ್ಕ ವೇಗ 21.2 ಮೀಟರ್. ವೇಗ ಎಷ್ಟಿರಬೇಕೆಂದು ಸಮೀಕರಣಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಪೊರೆಯ ಗುಣಗಳನ್ನಷ್ಟೇ ಅಳೆದು ಕೊಟ್ಟಿದ್ದರು. ಆದರೂ ಉತ್ತರ ಇಷ್ಟು ಹತ್ತಿರ ಬಂತು. ದೇಹವನ್ನು ಲೆಕ್ಕ ಹಾಕುವುದು ಎಂದರೆ ಏನೆಂದು ನನ್ನನ್ನು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಎರಡು ಅಂಕಿಗಳನ್ನು. 1963ರಲ್ಲಿ ಅವರಿಬ್ಬರಿಗೂ, ಜಾನ್ ಎಕಲ್ಸ್ ಅವರ ಜೊತೆಗೆ, ನೊಬೆಲ್ ಪ್ರಶಸ್ತಿ ಬಂತು.

ಈ ಸಮೀಕರಣಗಳನ್ನು ಹೃದಯಕ್ಕೆ ತಂದವರು ಲಂಡನ್ನಿನಲ್ಲಿ ಆಗಿನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಡೆನಿಸ್ ನೋಬಲ್. ನರದ ಸಂಕೇತ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಹೃದಯದ ಕೋಶದಲ್ಲಿ ಅದು ಸುಮಾರು 300 ಮಿಲಿಸೆಕೆಂಡು ಉಳಿಯುತ್ತದೆ. ಸ್ನಾಯು ಕುಗ್ಗಿ ರಕ್ತವನ್ನು ಹೊರದೂಡಲು ಅಷ್ಟು ಸಮಯ ಬೇಕು. ಅಷ್ಟು ಹೊತ್ತು ಅದು ಉಳಿಯುವುದು ಹೇಗೆ? ಕುರಿಯ ಹೃದಯದ ತಂತುಗಳ ಮೇಲೆ ಪ್ರಯೋಗ ಮಾಡಿದಾಗ, ಕೋಶ ಉದ್ರೇಕಗೊಂಡ ಕೂಡಲೇ ಕೆಲವು ಪೊಟ್ಯಾಸಿಯಂ ನಾಳಗಳು ಮುಚ್ಚಿಕೊಳ್ಳುತ್ತವೆ ಎಂದು ನೋಬಲ್ ಮತ್ತು ಅವರ ಮಾರ್ಗದರ್ಶಕ ಆಟೊ ಹಟರ್ ಕಂಡುಕೊಂಡರು. ನರದಲ್ಲಿ ಇದಕ್ಕೆ ತದ್ವಿರುದ್ಧ. ಈ ಒಂದು ಅಂಶವೇ ಸಾಕೇ ಎಂದು ನೋಡಲು ನೋಬಲ್ ಲಂಡನ್ ವಿಶ್ವವಿದ್ಯಾಲಯದ ಮರ್ಕ್ಯುರಿ ಎಂಬ ಕಂಪ್ಯೂಟರಿನ ಮೊರೆಹೋದರು. ಅವರಿಗೆ ಸಿಕ್ಕ ಸಮಯ ಬೆಳಗಿನ ಜಾವ 2ರಿಂದ 4. ಸಮೀಕರಣದಿಂದ ಉದ್ದನೆಯ ಸಂಕೇತವೂ ಬಂತು, ಅದು ತನ್ನಷ್ಟಕ್ಕೆ ತಾನು ಮತ್ತೆ ಮತ್ತೆ ಮರುಕಳಿಸುವುದೂ ಕಂಡಿತು. 1960ರಲ್ಲಿ ಅದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಂಪ್ಯೂಟರಿನಲ್ಲಿ ಬಡಿದ ಮೊದಲ ಹೃದಯಕೋಶ ಅದು.

ಒಂದು ಕೋಶದಿಂದ ಇಡೀ ಹೃದಯಕ್ಕೆ ಹೋಗಬೇಕಾದರೆ ಇಂಥ ಕೋಶಗಳನ್ನು ಅಕ್ಕಪಕ್ಕ ಜೋಡಿಸಿ, ಒಂದರ ವಿದ್ಯುತ್ತು ಇನ್ನೊಂದಕ್ಕೆ ಹರಿಯುವಂತೆ ಮಾಡಬೇಕು. ಹೃದಯದ ಆಕಾರವನ್ನು ಎಂ.ಆರ್.ಐ. ಅಥವಾ ಸಿ.ಟಿ. ಚಿತ್ರದಿಂದ ಪಡೆದು, ಅದನ್ನು ಲಕ್ಷಗಟ್ಟಲೆ ಸಣ್ಣ ತುಣುಕುಗಳಾಗಿ ಮಾಡಿ, ಪ್ರತಿ ತುಣುಕಿನಲ್ಲೂ ಆ ಲೆಕ್ಕ ನಡೆಸುತ್ತಾರೆ. ಸ್ನಾಯುವಿನ ಎಳೆಗಳು ಯಾವ ದಿಕ್ಕಿಗಿವೆ ಎಂಬುದನ್ನೂ ಸೇರಿಸಬೇಕು, ಏಕೆಂದರೆ ವಿದ್ಯುತ್ತು ಎಳೆಯ ಉದ್ದಕ್ಕೆ ಬೇಗ ಹರಿಯುತ್ತದೆ, ಅಡ್ಡಕ್ಕೆ ನಿಧಾನ. ಆಮೇಲೆ ಸ್ನಾಯುವಿನ ಸೆಳೆತ, ಕವಾಟಗಳ ಚಲನೆ, ರಕ್ತದ ಹರಿವು. ಕವಾಟದ ಸುತ್ತ ರಕ್ತ ಹರಿಯುವುದನ್ನು ಲೆಕ್ಕ ಹಾಕುವ ವಿಧಾನವೊಂದನ್ನು ಅಮೆರಿಕದ ಚಾರ್ಲ್ಸ್ ಪೆಸ್ಕಿನ್ 1972ರಲ್ಲೇ ಕೊಟ್ಟಿದ್ದರು. ರಕ್ತ ಕವಾಟವನ್ನು ತಳ್ಳುತ್ತದೆ, ಕವಾಟ ರಕ್ತವನ್ನು ತಡೆಯುತ್ತದೆ, ಎರಡನ್ನೂ ಒಟ್ಟಿಗೇ ಬಿಡಿಸಬೇಕು. ಆ ಕಷ್ಟಕ್ಕೆ ಅವರು ದಾರಿ ಕಂಡುಕೊಂಡರು.

ಈ ಕೆಲಸದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ರಾಹುಲ್ ಪಂಡಿತ್ ಮತ್ತು ಅವರ ಸಂಗಡಿಗರು ಹೃದಯದ ವಿದ್ಯುತ್ ಅಲೆಗಳನ್ನು ಬಹುಕಾಲದಿಂದ ಅಧ್ಯಯನ ಮಾಡಿದ್ದಾರೆ. ಆರೋಗ್ಯವಂತ ಹೃದಯದಲ್ಲಿ ಈ ಅಲೆ ಒಂದು ಕಡೆಯಿಂದ ಹೊರಟು ಎಲ್ಲ ಕಡೆ ಹರಡಿ ಅಡಗುತ್ತದೆ. ಕೆಲವೊಮ್ಮೆ ಅದು ತುಂಡಾಗಿ, ಸುರುಳಿಯಾಗಿ ತನ್ನ ಸುತ್ತಲೇ ತಿರುಗತೊಡಗುತ್ತದೆ. ಸುರುಳಿ ಒಡೆದು ಹಲವಾದರೆ ಹೃದಯ ಕುಗ್ಗುವ ಬದಲು ಅದುರುತ್ತದೆ, ರಕ್ತ ಹೊರಗೆ ಹೋಗುವುದಿಲ್ಲ, ನಿಮಿಷಗಳಲ್ಲಿ ಜೀವ ಹೋಗುತ್ತದೆ. ಸತ್ತ ಅಂಗಾಂಶದ ಒಂದು ಕಲೆ ಹೃದಯದ ಗೋಡೆಯಲ್ಲಿದ್ದರೆ ಈ ಸುರುಳಿ ಏನಾಗುತ್ತದೆ ಎಂದು ಅವರ ತಂಡ ಕಂಪ್ಯೂಟರಿನಲ್ಲಿ ನೋಡಿತು. ಕಲೆ ಒಂದು ಜಾಗದಲ್ಲಿದ್ದರೆ ಸುರುಳಿ ಅದಕ್ಕೆ ಅಂಟಿಕೊಂಡು ತಿರುಗುತ್ತದೆ, ಸ್ವಲ್ಪ ಸರಿಸಿದರೆ ಒಡೆದು ಗೊಂದಲವಾಗುತ್ತದೆ, ಇನ್ನೊಂದು ಜಾಗದಲ್ಲಾದರೆ ಸುರುಳಿಯೇ ಅಳಿದುಹೋಗುತ್ತದೆ. ಒಂದೇ ಕಲೆಯನ್ನು ಅಲ್ಲಿಂದಿಲ್ಲಿಗೆ ಸರಿಸುತ್ತ ನೋಡುವ ಇಂಥ ಪ್ರಯೋಗವನ್ನು ಬದುಕಿರುವ ಯಾವ ಹೃದಯದಲ್ಲೂ ಮಾಡಲಾಗದು. ಇದೇ ಬಗೆಯ ಲೆಕ್ಕ ಬಳಸಿ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಟಾಲಿಯಾ ಟ್ರಯನೋವಾ ಅವರ ತಂಡ ರೋಗಿಯ ಎಂ.ಆರ್.ಐ. ಚಿತ್ರದಿಂದ ಆ ರೋಗಿಯದೇ ಹೃದಯದ ಮಾದರಿ ಕಟ್ಟಿ, ಅಲೆ ಸುರುಳಿಗಟ್ಟದಂತೆ ಅಂಗಾಂಶವನ್ನು ಎಲ್ಲಿ ಸುಟ್ಟು ತಡೆಯಬೇಕು ಎಂಬುದನ್ನು ಮೊದಲೇ ಗುರುತಿಸುವ ಪ್ರಯತ್ನದಲ್ಲಿದೆ.

ಆಸ್ಪತ್ರೆಯ ಬಳಕೆಗೆ ಬಂದಿರುವ ಲೆಕ್ಕವೂ ಇದೆ. ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ ಎಂದು ಗೊತ್ತಾದಾಗ ವೈದ್ಯರ ಮುಂದಿರುವ ಪ್ರಶ್ನೆ, ಅದಕ್ಕೆ ಸ್ಟೆಂಟ್ ಹಾಕಬೇಕೇ ಬೇಡವೇ ಎಂಬುದು. ನೋಡಲು ದೊಡ್ಡದಾಗಿ ಕಾಣುವ ಬ್ಲಾಕ್ ಹರಿವಿಗೆ ಅಷ್ಟೇನೂ ಅಡ್ಡಿ ಮಾಡದೇ ಇರಬಹುದು, ಸಣ್ಣದಾಗಿ ಕಂಡದ್ದು ಮಾಡಬಹುದು. ಹಾಗಾಗಿ ನಾಳದೊಳಗೆ ತೆಳ್ಳಗಿನ ತಂತಿ ಇಳಿಸಿ, ಬ್ಲಾಕ್‌ನ ಆಚೆಗಿನ ಒತ್ತಡವನ್ನು ಈಚೆಗಿನ ಒತ್ತಡಕ್ಕೆ ಹೋಲಿಸುತ್ತಾರೆ. ಅನುಪಾತ 0.80 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬ್ಲಾಕ್ ತೊಂದರೆ ಕೊಡುತ್ತಿದೆ ಎಂದು ತಿಳಿಯುತ್ತಾರೆ. ತಂತಿ ಇಳಿಸದೆಯೇ, ಬರೀ ಸಿ.ಟಿ. ಚಿತ್ರದಿಂದ ನಾಳದ ಆಕಾರ ತೆಗೆದುಕೊಂಡು, ಅದರಲ್ಲಿ ರಕ್ತ ಹರಿಯುವುದನ್ನು ದ್ರವಗಳ ಚಲನೆಯ ಸಮೀಕರಣಗಳಿಂದ ಬಿಡಿಸಿ ಇದೇ ಅನುಪಾತವನ್ನು ಕೊಡುವ ವಿಧಾನಕ್ಕೆ 2014ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ಕೊಟ್ಟಿತು. ಹಾರ್ಟ್‌ಫ್ಲೋ ಎಂಬ ಕಂಪನಿ ಇದನ್ನು ತಂದಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಿ.ಟಿ.ಯಲ್ಲಿ ಕಾಣುವುದು ದೊಡ್ಡ ನಾಳಗಳು ಮಾತ್ರ. ಅವು ಕವಲೊಡೆದು ಸ್ನಾಯುವಿನೊಳಗೆ ಹೋಗುವ ಕೂದಲಿಗಿಂತ ತೆಳುವಾದ ನಾಳಗಳು ಚಿತ್ರದಲ್ಲಿ ಬರುವುದೇ ಇಲ್ಲ. ಆದರೆ ರಕ್ತ ಎಷ್ಟು ಹರಿಯುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಅವುಗಳ ತಡೆ. ಆದ್ದರಿಂದ ಕಾಣದ ಆ ನಾಳಗಳ ತಡೆಯನ್ನು ಹೃದಯದ ಸ್ನಾಯುವಿನ ಗಾತ್ರದಿಂದ ಅಂದಾಜು ಮಾಡಿ ಲೆಕ್ಕಕ್ಕೆ ಕೊಡುತ್ತಾರೆ. ನಾಳದ ಗೋಡೆಯಲ್ಲಿ ಸುಣ್ಣದ ಅಂಶ ಕಟ್ಟಿಕೊಂಡಿದ್ದರೆ ಚಿತ್ರ ಮಸುಕಾಗುತ್ತದೆ, ಆಗ ಆಕಾರವೇ ಅಂದಾಜಾಗುತ್ತದೆ. ಬಂದ ಉತ್ತರದಲ್ಲಿ ಎರಡು ದಶಮಾಂಶ ಸ್ಥಾನಗಳು ಇರುವುದರಿಂದ ಅದು ತೀರಾ ನಿಖರವೆನಿಸುತ್ತದೆ. ಅದರ ಹಿಂದೆ ಅಳತೆಯೂ ಇದೆ, ಅಂದಾಜೂ ಇದೆ. ಒಳ್ಳೆಯ ವೈದ್ಯರು ಎರಡನ್ನೂ ಬಲ್ಲವರಾಗಿರುತ್ತಾರೆ, 0.60 ಬಂದರೆ ಒಂದು ರೀತಿ ಯೋಚಿಸುತ್ತಾರೆ, 0.79 ಬಂದರೆ ಇನ್ನೊಂದು ರೀತಿ.

ಈಗ ಔಷಧದ ವಿಚಾರಕ್ಕೆ ಬರೋಣ. ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆ ಒಂದು ಕಾಲದಲ್ಲಿ ಬಹಳ ಬಳಕೆಯಲ್ಲಿತ್ತು. ಕೆಲವು ಬೇರೆ ಔಷಧಗಳ ಜೊತೆ ತೆಗೆದುಕೊಂಡಾಗ ಅದು ರಕ್ತದಲ್ಲಿ ಹೆಚ್ಚಾಗಿ, ಹೃದಯದ ಒಂದು ಬಗೆಯ ಪೊಟ್ಯಾಸಿಯಂ ನಾಳವನ್ನು ಕಟ್ಟಿಬಿಡುತ್ತಿತ್ತು. ಬಡಿತ ತಾಳತಪ್ಪಿ ಸಾವುಗಳಾದವು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿತ್ತು. ಆಮೇಲೆ ಹೊಸ ಔಷಧ ಯಾವುದೇ ಬರಲಿ, ಆ ನಾಳವನ್ನು ಕಟ್ಟುತ್ತದೆಯೇ ಎಂದು ಪರೀಕ್ಷಿಸುವುದು ರೂಢಿಯಾಯಿತು. ಆದರೆ ರಕ್ತದೊತ್ತಡಕ್ಕೆ ಕೊಡುವ ವೆರಾಪಮಿಲ್ ಕೂಡ ಅದೇ ನಾಳವನ್ನು ಕಟ್ಟುತ್ತದೆ, ಹಾಗಿದ್ದೂ ಟರ್ಫೆನಡಿನ್‌ನಂಥ ಅಪಾಯ ತರುವುದಿಲ್ಲ. ಅದು ಜೊತೆಗೇ ಕ್ಯಾಲ್ಸಿಯಂ ನಾಳವನ್ನೂ ತಡೆಯುವುದರಿಂದ ಒಂದರ ಪರಿಣಾಮವನ್ನು ಇನ್ನೊಂದು ಸರಿದೂಗಿಸುತ್ತದೆ. ಒಂದೇ ನಾಳವನ್ನು ನೋಡಿ ತೀರ್ಪು ಕೊಟ್ಟರೆ ಒಳ್ಳೆಯ ಔಷಧವೂ ಕಸದ ಬುಟ್ಟಿಗೆ ಹೋಗುತ್ತದೆ. ಎಲ್ಲ ನಾಳಗಳನ್ನೂ ಒಟ್ಟಿಗೆ ತೂಗಿನೋಡಲು ಇಡೀ ಕೋಶದ ಲೆಕ್ಕವೇ ಬೇಕು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 62 ಔಷಧಗಳನ್ನು ಹೀಗೆ ಮಾನವ ಹೃದಯಕೋಶದ ಕಂಪ್ಯೂಟರ್ ಮಾದರಿಗಳ ಮೇಲೆ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಯಾವುದು ಬಡಿತದ ತಾಳ ತಪ್ಪಿಸುತ್ತದೆ ಎಂಬುದನ್ನು ಅದು ಶೇ 89ರಷ್ಟು ಸರಿಯಾಗಿ ಹೇಳಿತು. ಪ್ರಾಣಿ ಪ್ರಯೋಗಗಳ ನಿಖರತೆ ಅದಕ್ಕಿಂತ ಕಡಿಮೆ ಇತ್ತು.

ಪ್ರಾಣಿಗಳ ಬದಲಿಗೆ ಕಂಪ್ಯೂಟರನ್ನೇ ಒಪ್ಪಿಕೊಂಡ ಸ್ಪಷ್ಟ ಉದಾಹರಣೆ ಸಕ್ಕರೆ ಕಾಯಿಲೆಯಲ್ಲಿದೆ. ಟೈಪ್ 1 ಮಧುಮೇಹಿಗಳಿಗೆ ರಕ್ತದ ಸಕ್ಕರೆ ನೋಡಿಕೊಂಡು ತಾನೇ ಇನ್ಸುಲಿನ್ ಬಿಡುವ ಪಂಪನ್ನು ರೂಪಿಸುವಾಗ, ಅದನ್ನು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಬೇಕಿತ್ತು. ಅಮೆರಿಕದ ವರ್ಜೀನಿಯಾ ಮತ್ತು ಇಟಲಿಯ ಪಡುವಾ ವಿಶ್ವವಿದ್ಯಾಲಯಗಳು ಸೇರಿ 300 ಕಾಲ್ಪನಿಕ ರೋಗಿಗಳ ಮಾದರಿ ತಯಾರಿಸಿದವು: 100 ವಯಸ್ಕರು, 100 ಹದಿಹರೆಯದವರು, 100 ಮಕ್ಕಳು. ಊಟ ಮಾಡಿದರೆ ಸಕ್ಕರೆ ಎಷ್ಟು ಬೇಗ ಏರುತ್ತದೆ, ಇನ್ಸುಲಿನ್‌ಗೆ ಎಷ್ಟು ಇಳಿಯುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. 2008ರಲ್ಲಿ ಅಮೆರಿಕದ ನಿಯಂತ್ರಕರು, ಈ ಕೆಲಸದ ಮಟ್ಟಿಗೆ ಪ್ರಾಣಿ ಪರೀಕ್ಷೆಯ ಬದಲು ಇದೇ ಸಾಕು ಎಂದು ಒಪ್ಪಿದರು. ಪಂಪು ಜನರಿಗೆ ತಲುಪುವ ದಾರಿ ಹತ್ತಿರವಾಯಿತು. ‘ಈ ಕೆಲಸದ ಮಟ್ಟಿಗೆ’ ಎಂಬುದನ್ನು ಮರೆಯಬೇಡಿ. ಆ ಮೊದಲ ಮಾದರಿಯಲ್ಲಿ ದೇಹ ಇನ್ಸುಲಿನ್‌ಗೆ ಸ್ಪಂದಿಸುವ ರೀತಿ ದಿನವಿಡೀ ಒಂದೇ ಆಗಿತ್ತು. ನಿಜವಾದ ದೇಹದಲ್ಲಿ ಬೆಳಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಅದನ್ನು ಆಮೇಲಿನ ಆವೃತ್ತಿಯಲ್ಲಿ ಸೇರಿಸಿದರು.

ಹಾಗಾದರೆ ಇಡೀ ಮನುಷ್ಯ? ಇಲ್ಲಿ ಎರಡು ದಾರಿಗಳಿವೆ. ಇಡೀ ದೇಹವನ್ನು ಸ್ಥೂಲವಾಗಿ ಹಿಡಿಯಬಹುದು, ಅಥವಾ ಒಂದು ಸಣ್ಣ ಭಾಗವನ್ನು ಸೂಕ್ಷ್ಮವಾಗಿ ಹಿಡಿಯಬಹುದು. ಮೊದಲನೆಯದಕ್ಕೆ ಹಳೆಯ, ದೊಡ್ಡ ಉದಾಹರಣೆ ಅಮೆರಿಕದ ಆರ್ಥರ್ ಗೈಟನ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ರಕ್ತಪರಿಚಲನೆಯ ಮಾದರಿ. ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಓದುವ ಶರೀರಕ್ರಿಯಾಶಾಸ್ತ್ರದ ಪಠ್ಯಪುಸ್ತಕದ ಗೈಟನ್ ಇವರೇ. ಹೃದಯ, ಮೂತ್ರಪಿಂಡ, ಹಾರ್ಮೋನು, ನರ ಎಲ್ಲವನ್ನೂ ಒಂದೊಂದು ಘಟಕವಾಗಿ ಜೋಡಿಸಿದ ಆ ಮಾದರಿ, ರಕ್ತದೊತ್ತಡವನ್ನು ದೀರ್ಘಕಾಲ ಹಿಡಿದಿಡುವುದರಲ್ಲಿ ಮೂತ್ರಪಿಂಡದ ಪಾತ್ರ ಎಷ್ಟು ದೊಡ್ಡದು ಎಂದು ತೋರಿಸಿತು. ಆದರೆ ಅದರಲ್ಲಿ ಹೃದಯ ಎಂದರೆ ಒಂದು ಪಂಪು, ಅಷ್ಟೆ. ಟರ್ಫೆನಡಿನ್ ಏನು ಮಾಡುತ್ತದೆ ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ.

ಸೂಕ್ಷ್ಮವೂ ಬೇಕು, ಸಮಗ್ರವೂ ಬೇಕು ಎಂದರೆ ಇವತ್ತಿನ ಮಟ್ಟಿಗೆ ಆಗದ ಮಾತು. ಮನುಷ್ಯನ ದೇಹದಲ್ಲಿರುವ ಜೀವಕೋಶಗಳು ಮೂವತ್ತು ಲಕ್ಷ ಕೋಟಿಗೂ ಹೆಚ್ಚು. ಕಂಪ್ಯೂಟರಿನ ಸಾಮರ್ಥ್ಯ ಬೆಳೆದರೆ ಸಾಕು ಎಂದು ಅನಿಸಬಹುದು, ಆದರೆ ತೊಡಕು ಅಷ್ಟೇ ಅಲ್ಲ. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳುವನ್ನು ನೋಡಿ. ಅದಕ್ಕಿರುವುದು 302 ನರಕೋಶಗಳು. ಯಾವುದು ಯಾವುದಕ್ಕೆ ಜೋಡಿಸಿಕೊಂಡಿದೆ ಎಂಬ ಪೂರ್ತಿ ನಕ್ಷೆ 1986ರಲ್ಲೇ ಪ್ರಕಟವಾಗಿದೆ. ಆದರೂ ಆ ಹುಳುವಿನ ಎಲ್ಲ ನಡವಳಿಕೆಯನ್ನೂ ಕಂಪ್ಯೂಟರಿನಲ್ಲಿ ತೋರಿಸುವ ಮಾದರಿ ಇನ್ನೂ ಬಂದಿಲ್ಲ. ನಕ್ಷೆ ಇದ್ದರೂ ಪ್ರತಿ ಜೋಡಣೆ ಎಷ್ಟು ಬಲವಾದದ್ದು, ಅದು ಹೇಗೆ ಬದಲಾಗುತ್ತದೆ ಎಂಬ ಅಳತೆಗಳು ಬೇಕು. ನಮ್ಮ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಸ್ವಿಟ್ಜರ್ಲೆಂಡಿನ ಬ್ಲೂ ಬ್ರೈನ್ ಯೋಜನೆ ಹತ್ತು ವರ್ಷ ದುಡಿದು 2015ರಲ್ಲಿ ಪ್ರಕಟಿಸಿದ್ದು ಎಳೆಯ ಇಲಿಯ ಮಿದುಳಿನ ಒಂದು ಚೂರಿನ ಮಾದರಿಯನ್ನು, ಅದರಲ್ಲಿದ್ದದ್ದು ಸುಮಾರು 31,000 ನರಕೋಶಗಳು. ಅಳತೆಯಿಲ್ಲದ ಕಡೆ ಲೆಕ್ಕ ಅಂದಾಜಿನ ಮೇಲೆ ನಡೆಯುತ್ತದೆ, ಅಂದಾಜುಗಳು ಒಂದರ ಮೇಲೊಂದು ಕೂಡಿದಂತೆ ಉತ್ತರದ ಮೇಲಿನ ಭರವಸೆ ಕುಗ್ಗುತ್ತದೆ.

ಪ್ರಾಣಿಗಳ ವಿಚಾರವನ್ನೂ ಇದರ ಜೊತೆಗಿಟ್ಟು ನೋಡಿ. ಸ್ಕ್ವಿಡ್ ಇಲ್ಲದೆ 1952ರ ಸಮೀಕರಣ ಇರುತ್ತಿರಲಿಲ್ಲ, ಕುರಿಯ ಹೃದಯವಿಲ್ಲದೆ ನೋಬಲ್ ಅವರ ಮಾದರಿ ಇರುತ್ತಿರಲಿಲ್ಲ. ಇವತ್ತು ಔಷಧ ಪರೀಕ್ಷೆಗೆ ಬಳಸುವ ಓಹಾರಾ–ರುಡಿ ಮಾದರಿ ನೂರಕ್ಕೂ ಹೆಚ್ಚು ಮಾನವ ಹೃದಯಗಳಿಂದ ಪಡೆದ ಅಳತೆಗಳ ಮೇಲೆ ನಿಂತಿದೆ. ಅವು ಅಂಗದಾನಿಗಳಿಂದ ಬಂದವು. ಅಂದರೆ ಲೆಕ್ಕಕ್ಕೆ ಬೇಕಾದ ಅಳತೆ ಕೊನೆಗೂ ಜೀವಿಗಳಿಂದಲೇ ಬರಬೇಕು. ಆದರೆ ಒಮ್ಮೆ ಅಳೆದದ್ದನ್ನು ಮತ್ತೆ ಮತ್ತೆ ಬಳಸಬಹುದು, ಅದೇ ಪ್ರಶ್ನೆಗಾಗಿ ಇನ್ನೊಂದು ಪ್ರಾಣಿಯನ್ನು ಕೊಲ್ಲಬೇಕಿಲ್ಲ. ಕಾನೂನುಗಳೂ ಆ ಕಡೆಗೆ ಬದಲಾಗುತ್ತಿವೆ. ಮನುಷ್ಯರ ಮೇಲಿನ ಪರೀಕ್ಷೆಗೆ ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕು ಎಂಬ ಕಡ್ಡಾಯವನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ತೆಗೆಯಿತು. ಭಾರತವೂ 2023ರಲ್ಲಿ ತನ್ನ ಹೊಸ ಔಷಧ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿ ಪ್ರಯೋಗಕ್ಕೆ ಬದಲಿ ವಿಧಾನಗಳಿಗೆ ಅವಕಾಶ ಕೊಟ್ಟಿದೆ.

ಒಟ್ಟಿನಲ್ಲಿ ನಿಮ್ಮ ಪ್ರಶ್ನೆಗಳಿಗೆ ನನ್ನ ಉತ್ತರ ಹೀಗಿದೆ. ಕಂಪ್ಯೂಟರಿನಲ್ಲಿ ಬಡಿಯುವ ಹೃದಯ ನಿಜವಾದ ಲೆಕ್ಕ. ಯಾವ ಪ್ರಶ್ನೆಗೆಂದು ಅದನ್ನು ಕಟ್ಟಿದರೋ, ಯಾವ ಅಳತೆಗಳೊಂದಿಗೆ ಹೋಲಿಸಿ ಒರೆಗೆ ಹಚ್ಚಿದರೋ, ಅಷ್ಟರ ಮಟ್ಟಿಗೆ ಅದನ್ನು ನಂಬಬಹುದು, ಆಚೆಗಲ್ಲ. ಎಲ್ಲ ಪ್ರಶ್ನೆಗೂ ಉತ್ತರಿಸುವ ಇಡೀ ಮನುಷ್ಯನ ಮಾದರಿ ಇವತ್ತು ಎಲ್ಲೂ ಇಲ್ಲ. ಕೆಲವು ಪರೀಕ್ಷೆಗಳಲ್ಲಿ ಕಂಪ್ಯೂಟರಿನ ಲೆಕ್ಕ ಪ್ರಾಣಿಗಳ ಜಾಗವನ್ನು ಈಗಾಗಲೇ ತುಂಬಿದೆ, ಇನ್ನೂ ಹಲವು ಪರೀಕ್ಷೆಗಳಲ್ಲಿ ತುಂಬಲಿದೆ, ಎಲ್ಲದರಲ್ಲೂ ಸದ್ಯಕ್ಕೆ ಇಲ್ಲ.

ಕೊನೆಯದಾಗಿ ನಿಮಗೊಂದು ಮಾತು. ಹಾಡ್ಗ್‌ಕಿನ್–ಹಕ್ಸ್‌ಲಿ ಸಮೀಕರಣಗಳನ್ನು ಬಿಡಿಸಲು ದೊಡ್ಡ ಕಂಪ್ಯೂಟರೇನೂ ಬೇಡ. ಹಕ್ಸ್‌ಲಿಗೆ ಮೂರು ವಾರ ಹಿಡಿದದ್ದನ್ನು ನಿಮ್ಮ ಕಾಲೇಜಿನ ಲ್ಯಾಬಿನ ಹಳೆಯ ಕಂಪ್ಯೂಟರು ಕ್ಷಣಮಾತ್ರದಲ್ಲಿ ಮಾಡುತ್ತದೆ. ನೋಬಲ್ ಅವರ ಮಾದರಿಯೂ ಸೇರಿದಂತೆ ನೂರಾರು ಮಾದರಿಗಳನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯ ನಡೆಸುವ ಫಿಸಿಯೋಮ್ ಮಾದರಿ ಭಂಡಾರದಲ್ಲಿ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ನೀವು ಪಿಸಿಎಂಬಿ ಓದುತ್ತಿದ್ದರೆ, ವೈದ್ಯಕೀಯಕ್ಕೆ ಹೋಗುವೆನೆಂದು ಗಣಿತವನ್ನಾಗಲಿ, ಎಂಜಿನಿಯರಿಂಗ್‌ಗೆ ಹೋಗುವೆನೆಂದು ಜೀವಶಾಸ್ತ್ರವನ್ನಾಗಲಿ ಕೈಬಿಡಬೇಡಿ. ಈ ಕ್ಷೇತ್ರಕ್ಕೆ ಎರಡನ್ನೂ ಬಲ್ಲವರು ಬೇಕು, ಅಂಥವರು ನಮ್ಮಲ್ಲಿ ಇನ್ನೂ ಕಡಿಮೆ.